ಕ್ರೇನಿಗೆ ತೂಗುಹಾಕಿದ ಊಟ

ನಗ್ಬೇಡ... ನಗ್ಬೇಡ ಅಂದ್ನಲ್ಲ! ಬೆಲ್ಟು ಇನ್ನೂ ಬಿಗಿ ಮಾಡಮ್ಮ ಅಂತ ನಾಲ್ಕು ಸಲ ಹೇಳಿದ್ದು ಹೆದರಿ ಅಲ್ಲ ಕಣೇ. ಅದು ನಿಯಮ. ಎತ್ತರದಲ್ಲಿ ಕೆಲಸ ಮಾಡೋರಿಗೆ ಅದು ಮೈಗೆ ಹತ್ತಿಬಿಟ್ಟಿರುತ್ತೆ. ಐದನೇ ಸಲಾನೂ ಹೇಳ್ತಿದ್ದೆ, ಆ ಬೆಲ್ಟು ಕಟ್ಟೋ ಹುಡುಗಿ ಮುಖ ಸಿಂಡರಿಸಿದ್ಲು ಅಂತ ಬಿಟ್ಟೆ.

ಏನು? ಟೇಬಲ್ ಯಾಕೆ ಹಿಡ್ಕೊಂಡಿದೀನಾ? ಹಿಡ್ಕೊಂಡಿಲ್ಲ. ಮುಟ್ಕೊಂಡಿದೀನಿ. ಒಳ್ಳೇ ಮರ, ಹಾಗಾಗಿ ಮುಟ್ಟಿ ನೋಡ್ತಿದೀನಿ... ಹೂಂ, ಎರಡೂ ಕೈಯಲ್ಲಿ. ಮರ ನೋಡೋದು ಒಂದು ಕೈಯಲ್ಲಾ?

ಅಲ್ಲ, ಯಾರ ತಲೇಲಿ ಹುಟ್ಟಿತು ಇದು! ನೆಲದ ಮೇಲೆ ತೆಪ್ಪಗಿರೋ ಟೇಬಲ್ಲನ್ನ, ಇಪ್ಪತ್ತು ಕುರ್ಚಿ ಸಮೇತ, ನಡುವೆ ಅಡುಗೆಯವನನ್ನೂ ನಿಲ್ಸಿ, ಕ್ರೇನಿಗೆ ತೂಗುಹಾಕಿ, ಹತ್ತು ಮಹಡಿ ಮೇಲಕ್ಕೆ ಎತ್ತೋದಂತೆ. ಕಾಲು ಗಾಳೀಲಿ ಜೋತಾಡ್ತಿರ್ಬೇಕು, ನಾವು ಸೂಪು ಕುಡೀಬೇಕು! ಮನೇಲಿ ಕೂತು ಕುಡಿದ್ರೆ ಸೂಪು ಗಂಟಲಲ್ಲಿ ಇಳಿಯಲ್ವಾ?... ಇಲ್ಲಪ್ಪ, ದೂರ್ತಾ ಇಲ್ಲ. ನಂಗೇನು, ದಿನಾ ಇರೋ ಜಾಗ ಇದು. ನಿನಗೋಸ್ಕರ ಹೇಳ್ದೆ. ಮದುವೆಯಾಗಿ ಹದಿನಾರು ವರ್ಷ ಆಯ್ತು, ನೀವು ದಿನಾ ಕೂರೋ ಎತ್ತರ ನಾನೂ ಒಂದ್ಸಲ ನೋಡ್ಬೇಕು ಅಂದೆ, ನೀನೇ ಟಿಕೆಟ್ ತಂದೆ. ನೋಡು ಮತ್ತೆ! ಚೆನ್ನಾಗಿ ನೋಡ್ಕೋ.

ನಾನಾ? ನಾನು ಯಾಕೆ ಕೆಳಗೆ ನೋಡ್ಲಿ? ಮಿಠಾಯಿ ಅಂಗಡಿಯವನು ಮಿಠಾಯಿ ತಿಂತಾನಾ? ಇವತ್ತು ನಾನು ನಿನ್ನ ಮುಖ ನೋಡೋಕೆ ಬಂದಿರೋದು. ನಿನ್ನ ಮುಖ, ಈ ತಟ್ಟೆ. ತಟ್ಟೆ, ನಿನ್ನ ಮುಖ. ಸಾಕು ನಂಗೆ.

ಹಾಂ, ಅದಾ... ಹತ್ತುವಾಗ ಕೆಳಗೆ ಆ ಕ್ರೇನ್ ಕ್ಯಾಬಿನ್ನಿಂದ ತಲೆ ಹೊರಗೆ ಹಾಕಿ ಹಲ್ಲು ಕಿಸಿದ್ನಲ್ಲ, ಅವನನ್ನೇ ನಾವು ಗಿಡುಗ ಅನ್ನೋದು. ನಮ್ಮ ಸೈಟಿನವನೇ. ಹೇಳಿದೀನಲ್ಲ ಅವನ ವಿಷಯ? ನಾನು ಮೇಲೆ ಕ್ಯಾಬಿನ್ನಲ್ಲಿ ಕೂತು ಕ್ರೇನ್ ಓಡಿಸ್ತೀನಿ, ಅವನು ಕೆಳಗೆ ನೆಲದಲ್ಲಿ ನಿಂತು, ಏರಿಸು ಇಳಿಸು ಅಂತ ಕೈ ತೋರಿಸ್ತಾನೆ... ಮತ್ತೆ ಇವತ್ತು ಅವನ್ಯಾಕೆ ಕ್ಯಾಬಿನ್ನಲ್ಲಿ ಅಂತೀಯಾ? ಅದು... ಭಾನುವಾರ ಅಲ್ವಾ? ಪಾಪ, ಅವನೂ ಕಲೀಲಿ ಅಂತ ನಾನೇ ಬಿಟ್ಟುಕೊಟ್ಟೆ. ಎಷ್ಟು ದಿನ ಅಂತ ಬಿಸಿಲಲ್ಲಿ ಕೈ ಬೀಸ್ತಾ ನಿಂತಿರ್ತಾನೆ ಹೇಳು.

'ಏನ್ ಬಾವುಟ, ನೀನೂ ಮೇಲಕ್ಕಾ?' ಅಂತ ಕೂಗಿದ್ದಾ? ಹೂಂ, ಕೇಳಿಸ್ತು. ಬಾವುಟ ನನ್ನ ಅಡ್ಡಹೆಸರು. ಬಾವುಟ ಅಂದ್ರೆ ಎಲ್ಲಕ್ಕಿಂತ ಮೇಲಿರೋದಲ್ವಾ, ಅದಕ್ಕೇ. ಕೆಂಪು ಬಾವುಟ, ಹಸಿರು ಬಾವುಟ ಕೈಯಲ್ಲಿ ಹಿಡ್ಕೊಂಡಿರ್ತೀನಿ ಅಂತ ಅಲ್ಲ. ಯಾರು ಹಾಗಂದ್ರು? ಯಾರೂ ಅನ್ಲಿಲ್ಲ ತಾನೇ. ಸರಿ ಹಾಗಾದ್ರೆ.

ಬ್ರೆಡ್ ಬೇಕಾ ನಿಂಗೆ? ಇರು. ಅಣ್ಣಾ! ಇಲ್ಲಿ, ಇಲ್ಲಿ! ಎಲ್ಲರಿಗೂ ಇನ್ನೊಂದು ಸುತ್ತು ಬ್ರೆಡ್ ಬರ್ಲಿ... ಒಂದು ಸುತ್ತು, ಹೀಗೆ, ಸುತ್ತು...

ಅಯ್ಯಯ್ಯೋ! ಏನಾಯ್ತು? ಏನಾಯ್ತೇ? ಮೇಲಕ್ಕೆ ಹೋಯ್ತಾ?... ಗಾಳಿ. ಗಾಳಿ ಕಣೇ. ಈ ಎತ್ತರದಲ್ಲಿ ಗಾಳಿ ಹಾಗೇ, ಒಂದು ಮಹಡಿ ಎತ್ತಿಬಿಡುತ್ತೆ. ನೀನು ಹೆದರ್ಬೇಡ. ನನ್ನ ತೋಳು ಹಿಡ್ಕೋ... ಓ, ನಾನೇ ನಿನ್ನ ತೋಳು ಹಿಡ್ಕೊಂಡಿದೀನಾ. ಇರ್ಲಿ ಬಿಡು, ಇಬ್ಬರದೂ ಒಂದೇ.

ಆವತ್ತಿನ ಹದ್ದಿನ ಕಥೆ ನೆನಪಿದೆಯಾ? ಗೊತ್ತು, ಇಪ್ಪತ್ತು ಸಲ ಕೇಳಿದೀಯ. ಆದ್ರೂ ಈ ಜಾಗದಲ್ಲಿ ಕೇಳಿಲ್ವಲ್ಲ! ನಾನು ಮೇಲೆ ಕ್ಯಾಬಿನ್ನಲ್ಲಿ ಒಬ್ಬನೇ. ಸುತ್ತ ಬರೀ ಮೋಡ. ಊಟದ ಡಬ್ಬಿ ತೆಗೆದೆ ನೋಡು, ಎಲ್ಲಿತ್ತೋ ಒಂದು ಹದ್ದು... ಇಷ್ಟಗಲ ರೆಕ್ಕೆ. ನೇರ ನನ್ನ ತಲೆ ಮೇಲೆ ಸುತ್ತೋಕೆ ಶುರು ಮಾಡ್ತು. ಹೀಗೆ ಸುತ್ತು, ಹೀಗೆ ಸುತ್ತು, ಮೇಲೆ, ಮೇಲೆ, ಇನ್ನೂ ಮೇ...

ಅಮ್ಮಾ! ಜೀವ ಬಾಯಿಗೆ ಬಂತು! ಎಲ್ಲಿಗೆ ಹೋಗ್ತಿದೀವೇ ನಾವು? ಹತ್ತುವಾಗ ಪರಿಚಯ ಆದ್ರಲ್ಲ, ಆ ಎದುರಿಗೆ ಕೂತಿರೋ ಡಾಕ್ಟರಮ್ಮನೂ ಕಿರುಚ್ತಿದಾರೆ ನೋಡು. ಡಾಕ್ಟರೇ ಕಿರುಚಿದ್ರೆ ನಾವೇನು ಮಾಡೋದು!

ಎಷ್ಟು ಮಹಡಿ ಆಯ್ತು ಅಂದ್ರಿ, ಅಣ್ಣ?... ಹದಿನೈದಾ? ಹತ್ತು ಅಂತ ಬರೆದಿತ್ತಲ್ಲ! ನಾನು ಬೆರಳು ಮೇಲಕ್ಕೆತ್ತಿ ತಿರುಗ್ಸಿ... ಅಂದ್ರೆ... ನನ್ನ ಬೆರಳು... ಏನಿಲ್ಲ. ಏನೂ ಇಲ್ಲ ಕಣೇ. ಏನೋ ನೆನಪಾಯ್ತು ಅಷ್ಟೆ.

ಕೈ ಮೇಲೆ ಯಾಕೆ ಕೂತ್ಕೊಂಡೆ ಅಂದ್ರೆ... ಚಳಿ. ಹದಿನೈದನೇ ಮಹಡೀಲಿ ಚಳಿ ಇರಲ್ವಾ? ಬಿಸಿಲಿದ್ರೇನಂತೆ, ಇದು ಎತ್ತರದ ಚಳಿ, ನಿಂಗೆ ಗೊತ್ತಾಗಲ್ಲ. ಸೂಪಾ? ಕುಡೀತೀನಿ. ನೀನೇ ಒಂದು ಚಮಚ ಕುಡಿಸ್ಬಿಡು. ಜನ ನೋಡಿದ್ರೆ ನೋಡ್ಲಿ, ಮದುವೆ ವಾರ್ಷಿಕೋತ್ಸವದ ದಿನ ಹೆಂಡ್ತಿ ಕೈಯಲ್ಲಿ ಸೂಪು ಕುಡಿಯೋದು ತಪ್ಪಾ? ಆ... ಸ್ವಲ್ಪ ಗದ್ದದ ಮೇಲೆ ಹೋಯ್ತು. ಪರವಾಗಿಲ್ಲ.

ಆ ಬಡಿಸೋ ಅಣ್ಣ ಏನು ಮಾಡ್ತಿದಾರೆ? ವಾಕಿಟಾಕಿ? ಕೆಳಗಿರೋ ಕ್ರೇನಿನವನ ಹತ್ರ ಮಾತಾಡ್ತಾರಾ? ಬೇಡ ಬೇಡ! ಅವನು ಬಾಯಿ ಬಿಟ್ಟರೆ ಬಣ್ಣಗೇಡು... ಅಲ್ಲ, ಅವನಿಗೆ ಮಾತಾಡೋಕೆ ಬರಲ್ಲ. ಸ್ವಾಮಿ, ಕೊಡಿ ಇಲ್ಲಿ, ನಾನೇ ಮಾತಾಡ್ತೀನಿ. ಕೊಡಿ ಅಂದ್ರೆ! ಬಿಡಿ! ಅಯ್ಯೋ...

ಎಲ್ಲಿ ಬಿತ್ತು? ಸೂಪಿನ ಪಾತ್ರೇಲಾ?

...ಗುಳುಗುಳು ಅಂತಿದೆ. ಇನ್ನೂ ಜೀವ ಇದೆ ಅದಕ್ಕೆ. ಇಲ್ಲ. ಹೋಯ್ತು.

ಎಲ್ಲರೂ ಹೀಗೆ ನನ್ನನ್ನೇ ನೋಡಿದ್ರೆ ಹೇಗೆ ಸ್ವಾಮಿ? ಬೇಕಂತ ಮಾಡಿದ್ನಾ? ಹೌದು, ನಾನು ಕ್ರೇನಿನವನೇ. ಅದಕ್ಕೇನೀಗ? ಕೈ ತೋರಿಸಿ ಇಳಿಸ್ಬಹುದಾ ಅಂತ ಕೇಳ್ತಿದೀರಾ? ಅದೆಲ್ಲ ನೆಲದಲ್ಲಿ ನಿಲ್ಲೋರ ಕೆಲಸ. ನಾವು ಮೇಲೆ ಕೂರೋರು. ನಮಗೆ ಅದು ಹೇಗೆ ಗೊತ್ತಿರುತ್ತೆ? ಒಂಚೂರೂ ಗೊತ್ತಿಲ್ಲ. ಬೇಕಾದ್ರೆ ನನ್ನ ಹೆಂಡ್ತೀನ ಕೇಳಿ.

ಹೇಳೇ ಅವರಿಗೆ... ಯಾಕೆ ನನ್ನ ಕೈ ಕಡೆ ನೋಡ್ತಿದೀಯ? ಕುಂಬಳಕಾಯಿ ಕಳ್ಳ ಅಂದ್ರೆ ನಾನ್ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ಲಿ? ಎರಡೂ ಕೈ ಮೇಲೆ ಕೂತಿದೀನಿ, ಮುಟ್ಟೋಕೂ ಆಗಲ್ಲ! ಏ... ಏನು ಮಾಡ್ತಿದೀಯ? ಕೈ ಯಾಕೆ ಹೊರಗೆ ಚಾಚಿದೆ? ಒಳಗೆ ತಗೋ! ಬಿದ್ದ್ಹೋಗ್ತೀಯ! ಬೆರಳು ಕೆಳಗೆ ಮಾಡಿ ಏನದು... ಸುತ್ತು...

ಇಳೀತಿದೆ.

ಇಳೀತಿದೆ ಕಣೇ! ಹದಿನಾಲ್ಕು... ಹದಿಮೂರು... ಹೌದು, ಅದೇ ಇಳಿಸೋ ಸನ್ನೆ. ತೋಳು ಕೆಳಗೆ, ತೋರುಬೆರಳು ನೆಲಕ್ಕೆ, ಸಣ್ಣ ಸುತ್ತು. ಮೊಣಕೈ ಒಂಚೂರು ಮಡಚ್ತೀಯ, ಅದೂ ಸರಿ, ನಾನೂ ಹಾಗೇ ಮಾ... ಇರು. ನಿಂಗೆ ಯಾರು ಹೇಳ್ಕೊಟ್ರು ಇದನ್ನ?

ಯಾಕೆ ಮುಷ್ಟಿ ಬಿಗಿದೆ? ಬಿಡು! ಮುಷ್ಟಿ ತೋರಿಸಿದ್ರೆ ನಿಂತುಬಿಡುತ್ತೆ ಕಣೇ, ಯಾರು ತೋರಿಸಿದ್ರೂ ನಿಲ್ಲಿಸ್ಬೇಕು, ಅದು ನಿಯಮ! ನೋಡು, ನಿಂತೇಬಿಡ್ತು. ನಡುಗಾಳೀಲಿ. ತೆಗಿ ಮುಷ್ಟೀನ... ತೆಗಿಯಲ್ವಾ? ಯಾಕೆ ಹಾಗೆ ನನ್ನ ಮುಖಾನೇ ನೋಡ್ತಿದೀಯ?

ಗಿಡುಗನ್ನ ಕೇಳಿದ್ಯಾ? ಟಿಕೆಟ್ ಕೊಟ್ಟಿದ್ದೂ ಅವನೇನಾ? ಅಯ್ಯೋ ಮನೆಮುರುಕ! ಅದಕ್ಕೇ ಹಲ್ಲು ಕಿಸಿದ್ದು ಅವನು!... ಅಲ್ಲ, ಟಿಕೆಟ್ ಅವನು ಕೊಟ್ಟಿರ್ಬಹುದು. ಮೊಣಕೈ ಮಡಚೋದು ಅವನು ಹೇಳ್ಕೊಟ್ಟಿದ್ದಲ್ಲ. ಅದು ನನ್ನ ಅಭ್ಯಾಸ. ನನ್ನೊಬ್ಬನದೇ. ಅದನ್ನ ನೋಡಿಯೇ ಕಲೀಬೇಕು. ನೀನು ಯಾವಾಗ...

ಮದುವೆಯಾದ ವರ್ಷ ಒಂದಿನ ಊಟದ ಡಬ್ಬಿ ಬಿಟ್ಟು ಹೋಗಿದ್ದೆ. ನೀನು ತಂದ್ಕೊಟ್ಟೆ. ಗೇಟಲ್ಲೇ ಕೊಟ್ಟು ಬಂದೆ ಅಂದಿದ್ದೆ... ಗೇಟಲ್ಲೇ ಕೊಟ್ಯಾ?

ಒಳಗೆ ಬಂದಿದ್ಯಾ.

ಆಮೇಲೂ ಬಂದಿದೀಯ ಅಲ್ವಾ? ಬೇಲಿ ಆಚೆ ನಿಂತು ನೋಡಿದೀಯ. ಒಂದು ಸಲ ನೋಡಿದ್ರೆ ಮೊಣಕೈ ಹಾಗೆ ಬರಲ್ಲ.

ಹದಿನಾರು ವರ್ಷ! ಗೊತ್ತಿದ್ದೂ ಹದ್ದಿನ ಕಥೆಗೆ ಇಪ್ಪತ್ತು ಸಲ 'ಅಯ್ಯೋ, ಆಮೇಲೆ?' ಅಂದ್ಯಲ್ಲೇ! ಮೋಡದ ನೀರಲ್ಲಿ ಮುಖ ತೊಳ್ಕೊಂಡೆ ಅಂದಾಗ, ಟವಲ್ ಇತ್ತಾ ಅಂತ ಕೇಳಿದ್ದೆ ನೀನು! ಇತ್ತು ಅಂದಿದ್ದೆ ನಾನು!

ಸರಿ. ಮುಷ್ಟಿ ತೆಗಿ, ಹೇಳ್ತೀನಿ... ಮೊದಲು ಹೇಳ್ಬೇಕಾ. ಇಷ್ಟು ಜನರ ಎದುರಿಗಾ? ಡಾಕ್ಟರಮ್ಮ, ನೀವು ಸ್ವಲ್ಪ ಆ ಕಡೆ ನೋಡಿ.

ನಾನು ಹತ್ತಿಲ್ಲ ಕಣೇ. ಒಂದು ದಿನಾನೂ ಹತ್ತಿಲ್ಲ. ಕ್ಯಾಬಿನ್ನಲ್ಲಿ ಕೂರೋನು ಗಿಡುಗ. ಕೆಳಗೆ ನಿಂತು ಕೈ ತೋರ್ಸೋನು ನಾನು. ನಂಗೆ ಎತ್ತರ ಅಂದ್ರೆ ಹೆದರಿಕೆ. ಮನೇಲಿ ಬಲ್ಬು ಹಾಕೋಕೂ ಕುರ್ಚಿ ಹತ್ತಲ್ಲ. ನಿಂಗೆ ಅದೂ ಗೊತ್ತು, ಬಲ್ಬೆಲ್ಲ ನೀನೇ ತಾನೇ ಹಾಕೋದು.

ಮೊದಲ್ನೇ ಸಲ ನಿಮ್ಮ ಮನೆಗೆ ಬಂದಾಗ ನಿಮ್ಮಪ್ಪ ಏನು ಕೆಲಸ ಅಂದ್ರು. ಕ್ರೇನಲ್ಲಿ ಅಂದೆ. ಅಷ್ಟೇ ಅಂದಿದ್ದು ನಾನು. ನೀನು ಬಾಗಿಲ ಹತ್ರ ನಿಂತಿದ್ದೆ, ಅಷ್ಟು ಮೇಲೆ ಒಬ್ಬರೇ ಕೂರ್ತೀರಾ ಅಂದೆ. ಕಣ್ಣು ಇಷ್ಟಗಲ ಆಗಿತ್ತು. ಯಾರೂ ಅದುವರೆಗೂ ನನ್ನನ್ನ ಹಾಗೆ ನೋಡಿರ್ಲಿಲ್ಲ. ಹೂಂ ಅಂದುಬಿಟ್ಟೆ. ಆಮೇಲೆ ಇಳಿಯೋಕೆ ಆಗ್ಲೇ ಇಲ್ಲ.

ಇನ್ನೂ ಮುಷ್ಟಿ ಬಿಟ್ಟಿಲ್ಲ. ಇನ್ನೇನು ಹೇಳ್ಲಿ? ನಾಚಿಕೆ ಆಗ್ತಿದೆ ಅಂತ ಹೇಳ್ಬೇಕಾ? ಆಗ್ತಿದೆ. ತುಂಬಾ ಆಗ್ತಿದೆ.

...ಕೈ ತೋರ್ಸೋದು ಸಣ್ಣ ಕೆಲಸ ಅಲ್ಲ, ಗೊತ್ತಾ. ಮೇಲೆ ಕೂತೋನಿಗೆ ಕೆಳಗಿನ ಮೂಲೆ ಕಾಣಲ್ಲ. ನನ್ನ ಕೈಯೇ ಅವನ ಕಣ್ಣು. ಒಂದು ಲಾರಿ ತೂಕದ ಕಬ್ಬಿಣ, ಅದರ ಕೆಳಗೆ ಜನ ಓಡಾಡ್ತಿರ್ತಾರೆ. ಇಷ್ಟು ವರ್ಷದಲ್ಲಿ ಒಬ್ಬರಿಗೂ ಒಂದು ಗೀರು ಆಗಿಲ್ಲ. ಒಬ್ಬರಿಗೂ! ಅದನ್ನ ಒಂದು ದಿನ ನಿನ್ನ ಹತ್ರ ಹೇಳಿದ್ನಾ? ಇಲ್ಲದ ಹದ್ದನ್ನ ಹಾರಿಸ್ತಾ ಕೂತೆ, ಇರೋದನ್ನ ಮುಚ್ಚಿಟ್ಟೆ. ನನ್ನಂಥ ಪೆದ್ದ ಇದಾನಾ?

ಏನು? ಮುಷ್ಟಿ ಬಿಟ್ಯಾ... ಇಳಿಸು ಮತ್ತೆ. ಕೈ ಯಾಕೆ ಮಡಿಲಲ್ಲಿ ಇಟ್ಕೊಂಡೆ? ನಾನಾ? ನಾನೇ ಇಳಿಸ್ಬೇಕಾ? ಇಲ್ಲಿಂದಾನಾ?

ಆಗಲ್ಲ ಕಣೇ. ಕೈ ತೋರ್ಸೋನು ಕೆಳಗೆ ನೋಡ್ಲೇಬೇಕು. ನೋಡದೆ ತೋರಿಸ್ಬಾರದು. ಬೇರೆ ಯಾವುದರಲ್ಲಾದ್ರೂ ಸುಳ್ಳು ಹೇಳ್ತೀನಿ, ಅದರಲ್ಲಿ ಹೇಳಲ್ಲ.

...ಹಾಗೆ ಕಣ್ಣಗಲ ಮಾಡ್ಬೇಡ ಅಂದ್ರೆ!

ಸರಿ. ತೆಗೆದೆ ಕೈ ಹೊರಗೆ. ಇನ್ನು ಕೆಳಗೆ ನೋಡ್ತೀನಿ... ಅಯ್ಯಪ್ಪಾ. ಅಯ್ಯಪ್ಪಾ, ಎಷ್ಟು ಕೆಳಗಿದೆ ನೆಲ! ಏ ಡ್ರೈವರಪ್ಪ, ಆ ವ್ಯಾನ್ ತೆಗಿಯೋ! ಹಿಂದಕ್ಕೆ! ಇನ್ನೂ ಹಿಂದಕ್ಕೆ... ಹೂಂ. ಜಾಗ ಆಯ್ತು. ಗಿಡುಗ ನನ್ನ ಕಡೆನೇ ನೋಡ್ತಿದಾನೆ.

ಇಳಿಸ್ತೀನಿ. ಇಲ್ಲ ಕಣೇ, ಕೈ ನಡುಗ್ತಿಲ್ಲ. ನಡುಗ್ತಿರೋದು ಕಾಲು. ಕಾಲು ಬಿಡು, ನೀನು ಕೈ ನೋಡು.