ಅರ್ಧ ತಲೆಗೆ ಹಚ್ಚಿದ ಜೇನುಮೇಣ

ಅಧ್ಯಕ್ಷರಾದ ಧನಪಾಲ್ ಅವರೇ, ಇಂದು ನಾವು ಸನ್ಮಾನಿಸುತ್ತಿರುವ ಚೆಲ್ಲಮ್ಮನವರೇ, ಮಗ್ಗ ನಿಲ್ಲಿಸಿ ಬಂದಿರುವ ಎಡಪ್ಪಾಡಿಯ ಸಭಿಕರೇ,

ಜಾಹೀರಾತು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಮೂವತ್ತು ದಿನದಲ್ಲಿ ಕೂದಲಂತೆ. ನಲವತ್ತು ವರ್ಷದಿಂದ ಅದೇ ಮೂವತ್ತು ದಿನ. ಅಧ್ಯಕ್ಷರ ತಲೆಯೇ ಸಾಕ್ಷಿ, ಅವರು ಕ್ಷಮಿಸಬೇಕು.

ಏರ್ಕಾಡ್ ಬೆಟ್ಟದ ಜೇನುಮೇಣವನ್ನು ಹರಳೆಣ್ಣೆಯಲ್ಲಿ ಕರಗಿಸಿ, ಆರಿದ ಮೇಲೆ ಜೇನು ಕಲಸಿ ಚೆಲ್ಲಮ್ಮ ಮಾಡುವ ಲೇಪ ನಿಮ್ಮೆಲ್ಲರ ಮನೆಯಲ್ಲಿದೆ. ಹೋದ ವರ್ಷ ಸೇಲಂನ ವ್ಯಾಪಾರಿಯೊಬ್ಬರು ಸಾವಿರ ಡಬ್ಬಿ ಕೇಳಿದರು. ಡಬ್ಬಿಯ ಮೇಲೆ ‘ಕೂದಲು ಖಚಿತ’ ಎಂದಿರಬೇಕು, ಸಾಕ್ಷಿಗೆ ಫೋಟೊ ಬೇಕು ಎಂದರು. ಫೋಟೊ ಹೊಂದಿಸಿದವನು ನಾನು. ಇಷ್ಟೆಲ್ಲ ಓದಿದವನು ಮಾಡಿದ್ದೇನು? ದೇವರಿಗೆ ಮುಡಿ ಕೊಟ್ಟು ಬಂದ ಒಂಬತ್ತು ಜನರಿಗೆ ಲೇಪ ಹಚ್ಚಿಸಿ, ತಿಂಗಳಾದ ಮೇಲೆ ಫೋಟೊ ತೆಗೆಸಿದೆ. ಒಂಬತ್ತು ತಲೆಯಲ್ಲೂ ಕೂದಲು.

ಚೆಲ್ಲಮ್ಮ ನೋಡಿದರು. “ಅಣ್ಣಾ, ಮುಡಿ ಕೊಟ್ಟ ತಲೇಲಿ ಕೂದ್ಲು ಬರ್ದೆ ರಾಗಿ ಬರ್ತೈತಾ?”

ನನಗೇಕೆ ಅಷ್ಟು ಆತುರ? ಟೈಫಾಯ್ಡ್ ಆದ ಮೇಲೆ ನನ್ನ ಹೆಂಡತಿ ಮಂಜುಳಮ್ಮನ ಕೂದಲು ಬಾಚಣಿಗೆಗೇ ಬರುತ್ತಿತ್ತು. ತಂಗಿಯ ಮಗಳ ಮದುವೆಗೂ ಆಕೆ ಹೋಗಲಿಲ್ಲ. ಆ ಲೇಪ ನಿಜವಾಗಲೇಬೇಕಿತ್ತು ನನಗೆ.

ಚೆಲ್ಲಮ್ಮ ಬೇರೆ ದಾರಿ ಹಿಡಿದರು. ಮುಡಿ ಕೊಟ್ಟು ಬಂದ ತಮ್ಮ ಗಂಡ ಆರುಮುಗಂ ಅವರ ತಲೆಯ ಬಲ ಅರ್ಧಕ್ಕೆ ಮಾತ್ರ ಎರಡು ತಿಂಗಳು ಹಚ್ಚಿದರು. ಟೀ ಅಂಗಡಿಯಲ್ಲಿ ಜನ ಬಿಟ್ಟಾರೆಯೇ? “ಯೋವ್ ಆರುಮುಗಂ, ಎಡಗಡೆದು ಯಾರ ತಲೆಯಯ್ಯಾ?” ಆ ಪುಣ್ಯಾತ್ಮ ಸಹಿಸಿಕೊಂಡರು. ಕೊನೆಗೆ ಎರಡೂ ಕಡೆ ಕೂದಲು ಒಂದೇ ಸಮ. ಬಲಗಡೆ ಚರ್ಮ ಒಣಗಿ ಉದುರುವುದು ಮಾತ್ರ ನಿಂತಿತ್ತು.

ವ್ಯಾಪಾರಿಗೆ ಅಷ್ಟನ್ನೇ ಹೇಳಿದರು. “ತಲೆ ಒಣಗೋದು ಕಮ್ಮಿ ಆಗ್ತೈತೆ ಸಾರ್. ಕೂದ್ಲು ಬೆಳೀತೈತೋ ಇಲ್ವೋ, ನಂಗೆ ಗೊತ್ತಿಲ್ಲ. ಡಾಕ್ಟರ್‌ಗಳು ನೋಡ್ಲಿ.” ಆರ್ಡರ್ ಕೈತಪ್ಪಿತು.

ಆಮೇಲೆ ಮಂಜುಳಮ್ಮ ಚೆಲ್ಲಮ್ಮನವರನ್ನೇ ನೇರವಾಗಿ ಕೇಳಿದಳು, ಹಚ್ಚಿದರೆ ಕೂದಲು ಬೆಳೆಯುತ್ತದೆಯೇ ಎಂದು. ಬೀದಿಯವರೆಲ್ಲ ಬೆಳೆಯುತ್ತದೆ ಎಂದಿದ್ದರು, ನಾನೂ ಎಂದಿದ್ದೆ. ಚೆಲ್ಲಮ್ಮ ಎಂದರು, “ಗೊತ್ತಿಲ್ಲಕ್ಕಾ. ಜ್ವರಕ್ಕೆ ಹೋದ ಕೂದ್ಲು ತಾನಾಗೇ ಬರ್ತೈತೆ ಅಂತಾರೆ. ಬರೋಗಂಟ ದಿನಾ ಬಂದು ನಾನೇ ಹಚ್ಚಿ ನೀವ್ತೀನಿ.” ಏಳು ತಿಂಗಳು ಬಂದರು, ಒಂದು ದಿನ ತಪ್ಪದೆ.

ಇಂದು ಮಂಜುಳಮ್ಮ ಎರಡನೆಯ ಸಾಲಿನಲ್ಲಿ ಕುಳಿತಿದ್ದಾಳೆ. ತಲೆಗೆ ಸೆರಗು ಹೊದ್ದಿಲ್ಲ. ಹೊಸ ಕೂದಲು ಬೆರಳುದ್ದ ಬಂದಿದೆ. ಲೇಪ ತಂದಿತೋ, ದಿನಗಳೇ ತಂದವೋ, ನಾನು ಹೇಳಲಾರೆ. ಈಗ ಒಳಗೆ ಬರುವಾಗ ಬಾಗಿಲಲ್ಲಿ ಒಬ್ಬರು ಅವಳನ್ನು, “ಏನು ಹಚ್ಚಿದ್ರಿ?” ಎಂದು ಕೇಳಿದರು.

“ಯಾರು ಹಚ್ಚಿದ್ರು ಅಂತ ಕೇಳಮ್ಮಾ” ಎಂದಳು ಮಂಜುಳಮ್ಮ.

ಚೆಲ್ಲಮ್ಮನವರಿಗೂ, ಇಷ್ಟು ಹೊತ್ತು ತಾಳಿಕೊಂಡ ನಿಮಗೂ ನಾನು ಋಣಿ. ನಮಸ್ಕಾರ.