ತೋಪಿಗೆ ಹೇಳಿದವರು ಯಾರು?

ಎರಡು ಸಾವಿರದ ಆರನೇ ಇಸವಿಯ ಮಳೆಗಾಲ. ಮುಸ್ಸಂಜೆಗೆ ಹಿಡಿದ ಮಳೆ ದೀಪ ಹಚ್ಚಿದ ಮೇಲೂ ಬಿಟ್ಟಿರಲಿಲ್ಲ. ಕೆಂಗೇರಿಯ ಹಳೇ ಊರಿನಿಂದ ಗುಂಡುತೋಪಿಗೆ ಹೋಗುವ ದಾರಿಯಲ್ಲಿ ಹನುಮಕ್ಕನದೇ ಕೊನೆಯ ಮನೆ. ಕರೆಂಟು ಹೋಗಿತ್ತು. ದೇವರಿಗೆ ಕೈಮುಗಿದು ಬಂದ ಹನುಮಕ್ಕ ಲಾಟೀನು ಪಕ್ಕಕ್ಕಿಟ್ಟುಕೊಂಡು ಜಗಲಿಯ ಗೋಡೆಗೆ ಒರಗಿ ಕೂತಳು. ಮೊಮ್ಮಗಳು ಕೀರ್ತನಾ ಅವಳ ಸೆರಗಿಗೆ ಅಂಟಿಕೊಂಡಳು. ಬೀದಿ ಬದಿಯ ಕೋಣೆಯಲ್ಲಿ ರೀಚಾರ್ಜ್ ಅಂಗಡಿ ಇಟ್ಟಿದ್ದ ಕಿಟ್ಟಿಯೂ ಬಾಗಿಲೆಳೆದು ಬಂದು ಕೂತ.

ಕೂರಲಾರದೆ ಇದ್ದವನು ಹಿಂದಿನ ಕೋಣೆಯ ಬಾಡಿಗೆಯ ಹುಡುಗ ಚನ್ನಮಲ್ಲಪ್ಪ. ಬಾಗಲಕೋಟೆ ಕಡೆಯವನು, ಅರಣ್ಯ ಇಲಾಖೆಯಲ್ಲಿ ಹೊಸ ಗಾರ್ಡು. ರಸ್ತೆ ಅಗಲ ಮಾಡಲು ನಾಳೆ ಬೆಳಗ್ಗೆ ತೋಪಿನ ಮರಗಳನ್ನು ಕಡಿಯುವುದಿತ್ತು. ತೊಗಟೆ ಕೆತ್ತಿ ಇಲಾಖೆಯ ಸುತ್ತಿಗೆಯಿಂದ ಮುದ್ರೆ ಒತ್ತಿದವನು ಅವನೇ. ಆ ಮರಗಳ ಕೆಳಗೆ ರಸ್ತೆ ಕೆಲಸಕ್ಕೆ ಬಂದವರ ಟಾರ್ಪಾಲಿನ ಡೇರೆಗಳಿದ್ದವು. ಎಲ್ಲರೂ ಅವನ ಸೀಮೆಯ ಮಂದಿ. ಅವರಿಗೆ ಯಾರಾದರೂ ಹೇಳಿದ್ದಾರೆಯೇ? ತನ್ನ ಸಾಹೇಬರನ್ನು ಕೇಳಿದರೆ ಕಂದಾಯದವರು ಹೇಳಿದ್ದಾರೆ ಎಂದರು. ಕಂದಾಯದವರು, ಊರಿನ ಅರಣ್ಯ ಸಮಿತಿ ಹೇಳಿದೆ ಎಂದರು. ಸಮಿತಿಯವರು, "ನಿಮ್ಮೋರೇ ಹೇಳಿದಾರಲ್ಲಪ್ಪ" ಎಂದರು. ಆದರೆ ಮಧ್ಯಾಹ್ನ, ಮಳೆ ಶುರುವಾಗುವ ಮೊದಲು, ಒಬ್ಬ ಮುದುಕ ತೋಪಿನಲ್ಲಿ ಮರ ಮರಕ್ಕೂ ಕೈಯಿಟ್ಟು ಏನೋ ಹೇಳುತ್ತ ನಡೆಯುತ್ತಿದ್ದುದನ್ನು ಚನ್ನಮಲ್ಲಪ್ಪ ದೂರದಿಂದ ಕಂಡಿದ್ದ. ಕಂದಾಯದ ಕಡೆಯವನಿರಬೇಕು, ಡೇರೆಯವರಿಗೂ ಹೇಳಿರುತ್ತಾನೆ ಎಂದು ಸಮಾಧಾನ ಮಾಡಿಕೊಂಡು ಬಂದಿದ್ದ. ಆ ಸಮಾಧಾನ ಮಾತ್ರ ಯಾಕೋ ನಿಲ್ಲುತ್ತಿರಲಿಲ್ಲ.

"ಏನೋ ಅದು, ಕೆಂಡ ತುಳಿದೋನ ಥರ ಓಡಾಡ್ತೀಯ. ಕೂತ್ಕೋ," ಎಂದಳು ಹನುಮಕ್ಕ.

ಅವನು ವಿಷಯ ಹೇಳಿದ. ಮುದುಕನನ್ನು ಕಂಡದ್ದು ಮಾತ್ರ ಹೇಳಲಿಲ್ಲ.

ಕಿಟ್ಟಿ ನಕ್ಕ. "ಮೂರು ಕಡೆಯೋರೂ ಸೇರಿದ್ಮೇಲೆ ಇನ್ನೇನ್ ಗುರು, ಮರಗಳು ತಾವೇ ನಡ್ಕೊಂಡು ಬಂದು ಲಾರಿ ಹತ್ತುತ್ವೆ ಬಿಡು!"

ಹನುಮಕ್ಕ ನಗಲಿಲ್ಲ. "ಅಲ್ಲಪ್ಪಾ, ಹೇಳಿದೋರು ಯಾರು?"

"ಯಾರೋ ಒಬ್ರು ಹೇಳ್ಯಾರ್ರೀ ಅಜ್ಜಿ."

"ಯಾರೋ ಒಬ್ರು..." ಎಂದು ಹನುಮಕ್ಕ ಲಾಟೀನಿನ ಬತ್ತಿ ತಗ್ಗಿಸಿದಳು. "ಹಾಗಾದ್ರೆ ಕೇಳ್ರಿ.

"ನೀವು ಈಗ ನೋಡ್ತಿರೋದು ತೋಪಿನ ಚೂರು ಕಣ್ರೋ. ಆಗ ಒಳಗೆ ಕಾಲಿಟ್ರೆ ಮಟಮಟ ಮಧ್ಯಾಹ್ನವೂ ಮಸಕು... ಹೊಂಗೆ, ನೇರಳೆ, ನಡುವೆ ಒಂದು ಇಪ್ಪೆ ಮರ, ಅದರ ಬೇರಿನ ಸಂದಿಯಲ್ಲಿ ಒಂದು ಎಮ್ಮೆ ಕರು ಮಲಗಬಹುದು, ಅಷ್ಟಿತ್ತು. ಕಾಯೋಕೆ ರಾಚಪ್ಪ ಅಂತ ಒಬ್ಬನಿದ್ದ. ಅವನ ಕೆಲಸ ಏನು ಗೊತ್ತಾ? ಮರ ಕಡಿಯೋ ಮುನ್ನಾದಿನ, ಸೂರ್ಯ ನೆತ್ತಿಗೆ ಬಂದಾಗ, ಆ ಮರಕ್ಕೆ ಅಂಗೈ ಒತ್ತಿ ಹೇಳೋನು: 'ನಾಳೆ ಕೊಡಲಿ ಬರುತ್ತೆ, ಇರೋರೆಲ್ಲ ಹೊರಡಿ.' ಯಾರಿಗೆ ಹೇಳೋನು? ಗೂಡಿನ ಹಕ್ಕಿಗೆ, ಪೊಟರೆಯ ಹಾವಿಗೆ, ಇರುವೆಗೆ... ಮತ್ತೆ ನಮ್ಮ ಕಣ್ಣಿಗೆ ಕಾಣದೆ ಇರೋರಿಗೆ. ಒಂದು ಮಾತು ಹೇಳದೆ ಯಾರದಾದ್ರೂ ಮನೆ ಬೀಳಿಸ್ತಾರೇನ್ರೋ? ದೇವರು ಮೆಚ್ಚುತಾನಾ?

"ಈ ಕೀರ್ತನಾ ಆಗಷ್ಟೇ ಸ್ಕೂಲಿಗೆ ಹೋಗೋಕೆ ಶುರು ಮಾಡಿದ್ಲು, ಆವಾಗ ಸರ್ಕಾರದೋರು ಬಂದ್ರು. ಕೆಟ್ಟದ್ದಕ್ಕಲ್ಲ, ಒಳ್ಳೇದಕ್ಕೇ ಬಂದ್ರು... ಅರಣ್ಯದೋರು, ಕಂದಾಯದೋರು, ಊರಿನ ಸಮಿತಿ, ಎಲ್ಲ ಸೇರಿ ತೋಪು ನೋಡ್ಕೋಬೇಕು, ಒಣಗಿದ್ದು ತೆಗೆದ್ರೆ ಆ ಜಾಗಕ್ಕೆ ಸಸಿ ನೆಡಬೇಕು, ಕಡಿಯೋವಾಗ ಮೂರು ಕಡೆಯೋರೂ ಎದುರಿಗೆ ನಿಂತಿರಬೇಕು ಅಂತ. ಸುಳ್ಳು ಯಾಕೆ ಹೇಳ್ಲಿ, ಸೌದೆ ಕಳ್ಳತನ ನಿಂತೇ ಹೋಯ್ತು, ನೆಟ್ಟ ಸಸಿ ಉಳೀತು. ರಾಚಪ್ಪನಿಗೂ ಹೇಳಿದ್ರು: 'ಇನ್ಮೇಲೆ ಹೇಳೋದು ಗೀಳೋದು ಎಲ್ಲ ನಮಗೆ ಸೇರಿದ್ದು, ನೀನು ಆರಾಮಾಗಿರು ತಾತ.' ಪಾಪ... ನಂಬಿದ.

"ಆಮೇಲೆ ಆ ಇಪ್ಪೆ ಮರ ವಾಲ್ತು. ಬೀಳೋಕೆ ಮುಂಚೆ ಕಡಿಯೋಣ ಅಂತ ತೀರ್ಮಾನ ಆಯ್ತು. ಇವತ್ತಿನ ಹಂಗೇ ಮಳೆ. ಮೂರು ಕಡೆಯೋರೂ ಬಂದ್ರು, ಕೊಡೆ ಹಿಡ್ಕೊಂಡು ನಿಂತ್ರು. ಮರದ ಆಚೆ ಬದಿ ಯಾರು ನೋಡಿದ್ರು? ಕಂದಾಯದೋರು ನೋಡಿರ್ತಾರೆ ಅಂತ ಅರಣ್ಯದೋರು, ಅರಣ್ಯದೋರು ನೋಡಿರ್ತಾರೆ ಅಂತ ಸಮಿತಿಯೋರು... ಗರಗಸ ಇಟ್ಟೇ ಬಿಟ್ರು. ಮರ ಆಚೆ ಬದಿಗೇ ಬಿತ್ತು. ಗುಡಿಸಲು ಸೋರುತ್ತೆ ಅಂತ ಆ ಬದಿಯ ಬೇರಿನ ಸಂದಿಯಲ್ಲಿ, ಕಂಬಳಿ ಮುಸುಕು ಹಾಕ್ಕೊಂಡು, ಕಿವಿ ಬೇರೆ ಮಂದ ಆಗಿದ್ದ ಮುದುಕ ಒಬ್ಬ ಮಲಗಿದ್ದ..."

ಹನುಮಕ್ಕ ಸೆರಗೆಳೆದು ಮೊಮ್ಮಗಳ ಕಾಲು ಮುಚ್ಚಿದಳು.

"ಹಕ್ಕಿಗೆ, ಹಾವಿಗೆ ಹೇಳ್ತಿದ್ದ ರಾಚಪ್ಪನಿಗೆ ಯಾರೂ ಹೇಳಿರಲಿಲ್ಲ ಕಣ್ರೋ. ಅಲ್ಲಿಂದಾಚೆಗೆ ತೋಪಿನ ಕಡೆ ಏನಾದ್ರೂ ಬೀಳೋದಿದ್ರೆ ಮುನ್ನಾದಿನ ಅವನು ಬರ್ತಾನೆ. ಯಾರಿಗೂ ಕೇಡು ಮಾಡಿದೋನಲ್ಲ. ಅಂಗೈ ಒತ್ತಿ, ಹೇಳಿ, ಹೋಗ್ತಾನೆ. ಹೇಳಿದ ಮೇಲೂ ಅಲ್ಲೇ ಕೂತೋರನ್ನ ಮಾತ್ರ... ನಾನು ಮತ್ತೆ ನೋಡಿಲ್ಲ."

"ಹೆಂಗಿರ್ತಾನಜ್ಜಿ?" ಕೀರ್ತನಾಳ ದನಿ ಸಣ್ಣದಾಗಿತ್ತು.

"ಕರೀ ಕಂಬಳಿ. ಬಿಸಿಲಿದ್ರೂ ಅಂಗೈ ಒದ್ದೆ."

ಚನ್ನಮಲ್ಲಪ್ಪನಿಗೆ ತೋಪಿನಲ್ಲಿ ಕಂಡ ಮುದುಕ ನೆನಪಾದ. ಮಧ್ಯಾಹ್ನ ನೆಲವೆಲ್ಲ ಒಣಗಿತ್ತು. ಆದರೂ ತಾನು ಒತ್ತಿದ್ದ ಇಲಾಖೆಯ ಮುದ್ರೆಯ ಮೇಲೆ, ಒಂದೊಂದು ಮರದಲ್ಲೂ, ಅಂಗೈಯಗಲ ನೀರಿನ ಪಸೆಯಿತ್ತು. ಮರದ ಹಾಲೆಂದುಕೊಂಡು ಒರೆಸಿ ಬಂದಿದ್ದ. ಹಾಗಾದರೆ ಆ ಮುದುಕ ಕಂದಾಯದವನಲ್ಲ. ಹಾಗಾದರೆ ಬದುಕಿರುವವರು ಯಾರೂ ಡೇರೆಗಳಿಗೆ ಹೇಳಿಲ್ಲ.

ಟಾರ್ಚು ಹಿಡಿದು ಅಂಗಳಕ್ಕೆ ಧುಮುಕಿದ.

"ಈ ಮಳೇಲಿ ಎಲ್ಲಿಗೋ ಮಗಾ!"

"ನಮ್ಮ ಮಂದಿ ಅದಾರ್ರೀ ಅಲ್ಲಿ!"

ಗೇಟು ತೆರೆಯುವಷ್ಟರಲ್ಲಿ ಕತ್ತಲೆಯೊಳಗಿಂದ ಮಂದಿಯೇ ಎದುರು ಬಂದರು. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು, ಸುತ್ತಿದ ಟಾರ್ಪಾಲು. ಮುಂದಿದ್ದವಳು ಡೇರೆಯ ದಾನಮ್ಮ.

"ಯಣ್ಣಾ, ಮಳಿ ಬಿಡೂಮಟ ಈ ಕಟ್ಟೀಮ್ಯಾಲ ಕುಂದರ್ತೀವ್ರೀ. ನಾಳಿಗಿ ಗಿಡ ಕಡೀತಾರಂತಲ್ಲ."

ಚನ್ನಮಲ್ಲಪ್ಪನಿಗೆ ಹೋದ ಉಸಿರು ಬಂದಂತಾಯಿತು. "ಯಾರು ಹೇಳಿದ್ರವ್ವಾ?"

"ನಿಮ್ಮ ಪೈಕಿ ಅಜ್ಜಾರ, ಕಂಬಳಿ ಹೊತ್ತವರು. ಮಧ್ಯಾಹ್ನ ಹೇಳಿ ಹೋದ್ರು. ಮಳ್ಯಾಗ ಎಲ್ಲಿಗಿ ಹೋಗೂದಂತ ನಾವು ಕುಂತೇ ಇದ್ವಿ. ಈಗ ಮತ್ತ ಬಂದು, ಬೈದು ಎಬ್ಬಿಸಿ, ಇಲ್ಲಿಮಟ ತಾವೇ ಕರಕೊಂಡು ಬಂದ್ರು."

ಹನುಮಕ್ಕ ಜಗಲಿಯಿಂದಲೇ ಕೇಳಿದಳು: "ಎಲ್ಲಮ್ಮ ಅವರು?"

"ನಮ್ಮ ಮುಂದ ಇದ್ರಲ್ರೀ... ಆ ಮೂಲಿ ಕಂಬಕ್ಕ ಕೈ ಒತ್ತಿ, ಏನೋ ಅಂದು, ಹ್ವಾದ್ರು."

ಚನ್ನಮಲ್ಲಪ್ಪ ಟಾರ್ಚು ತಿರುಗಿಸಿದ. ಜಗಲಿಯ ಮೂಲೆಯ ಕಂಬದ ಒಳಬದಿ, ಎರಚಲು ತಾಗದ ಕಡೆ, ಒಂದು ಒದ್ದೆ ಅಂಗೈ. ಬೆರಳುಗಳಿಂದ ನೀರು ಇನ್ನೂ ಇಳಿಯುತ್ತಿತ್ತು.

"ಅಜ್ಜೀ," ಕಿಟ್ಟಿ ಎದ್ದು ನಿಂತ, "ರೋಡು ನಮ್ಮ ಅಂಗಳದವರೆಗೆ ಮಾತ್ರ, ಮನೆಗೇನೂ ಆಗಲ್ಲ ಅಂತ ಮೂರು ಕಡೆಯೋರೂ ಹೇಳಿದಾರೆ ತಾನೆ?"

ದಾನಮ್ಮ ಆಗಷ್ಟೇ ಇಳಿಸಿದ್ದ ಗಂಟನ್ನು ಸದ್ದಿಲ್ಲದೆ ಮತ್ತೆ ತಲೆಗೇರಿಸಿಕೊಂಡಳು. ಹನುಮಕ್ಕ ನಿಧಾನವಾಗಿ ಎದ್ದು ಕಂಬದ ಹತ್ತಿರ ಹೋದಳು. ಎರಡೂ ಕೈ ಜೋಡಿಸಿ, ಬೀದಿಯ ಕತ್ತಲೆಯ ಕಡೆ ತಿರುಗಿ, "ಆಯ್ತಪ್ಪ, ಹೊರಟ್ವಿ," ಎಂದಳು. ಆಮೇಲೆ ಮೊಮ್ಮಗಳ ತಲೆ ಸವರಿದಳು.

"ಕೀರ್ತನಾ, ಮೊದಲು ದೇವರ ಪಟ ಇಳಿಸಮ್ಮ. ಅವರೆಲ್ಲ ಹೇಳಿದ್ದು ನಿಜವೋ ಸುಳ್ಳೋ, ನನಗೆ ಗೊತ್ತಿಲ್ಲ... ಇವನು ಮಾತ್ರ ಇವತ್ತಿನವರೆಗೆ ಸುಮ್ಮಸುಮ್ಮನೆ ಎಲ್ಲೂ ಕೈ ಒತ್ತಿಲ್ಲ."