ಸರಕು ಇಳಿಯುತ್ತಿದ್ದಾಗ ಕೇಳಿದ ಅಹವಾಲು

ಒಂದು ಜಿಲ್ಲಾ ಕೇಂದ್ರದಲ್ಲಿ ಒಬ್ಬ ಅಧಿಕಾರಿ ಇದ್ದ. ಲಂಚ ಮುಟ್ಟಿದವನಲ್ಲ, ಯಾರ ಮೇಲೂ ದನಿ ಎತ್ತಿದವನಲ್ಲ. ಟೆಂಡರ್ ಕೈತಪ್ಪಿದವರು ತಕರಾರು ತಂದರೆ ಎದುರಿಗೆ ಕೂರಿಸಿ, ಚಹಾ ತರಿಸಿ, ಪೂರ್ತಿ ಕೇಳುತ್ತಿದ್ದ. ನೋಡಿ, ಪೂರ್ತಿ ಕೇಳುತ್ತಿದ್ದ! ಅದೇ ಅವನ ಹೆಮ್ಮೆ. ನಮ್ಮಲ್ಲಿ ಎಷ್ಟು ಜನ ಅಷ್ಟಾದರೂ ಮಾಡುತ್ತೇವೆ?

ಆ ವರ್ಷ ಸರ್ಕಾರಿ ಹಾಸ್ಟೆಲಿನ ಮಕ್ಕಳಿಗೆ ಕಂಬಳಿ ಕೊಳ್ಳಬೇಕಿತ್ತು. ಬಂದ ಎರಡು ಮಾದರಿ ಕಂಬಳಿಗಳನ್ನು ಕಚೇರಿಯವರು ತೊಳೆದು ನೋಡಿದರು; ಒಂದು ಕುಗ್ಗಿತು. ಟೆಂಡರ್ ಕುಗ್ಗದ ಕಂಬಳಿಯ ವ್ಯಾಪಾರಿಗೆ ಹೋಯಿತು. ಸೋತದ್ದು ಕಂಬಳಿ ನೇಯುವ ಹೆಂಗಸರ ಸಂಘ. ಅದರ ಹಿರಿಯಳು ಮಾಳವ್ವ ತಕರಾರು ಹೇಳಲು ಬಂದಳು.

ಬಾಗಿಲಲ್ಲಿ ಜವಾನ ಧೈರ್ಯ ಹೇಳಿದ: "ಹೆದರಬ್ಯಾಡ ಬೇ ಯವ್ವಾ. ನಮ್ಮ ಸಾಹೇಬ್ರು ಸೋತವ್ರಿಗೂ ಚಾ ಕುಡಿಸ್ತಾರ."

"ಗೆದ್ದವ್ರಿಗೆ ಏನ್ ಕುಡಿಸ್ತಾರೋ ತಮ್ಮಾ?" ಎನ್ನುತ್ತ ಮಾಳವ್ವ ಒಳಗೆ ಹೋದಳು.

"ಕೂಡ್ರಿ ಅವ್ವಾ, ಸಾವಕಾಶ ಹೇಳ್ರಿ" ಎಂದ ಅಧಿಕಾರಿ.

"ಸಾಹೇಬ್ರ, ಎರಡೂ ಕಂಬಳಿ ತೊಳದು ನೋಡಿದ್ರಲ್ಲ, ಅವತ್ತ ನಾ ಅಲ್ಲೇ ನಿಂತಿದ್ದೆ. ನಿಮ್ಮವ್ರು ಅವರದನ್ನ ತಣ್ಣೀರಾಗ ಅದ್ದಿದ್ರು, ನಮ್ಮದನ್ನ ಕುದಿಯೋ ನೀರಾಗ. ಉಣ್ಣಿ ಕುಗ್ಗಲಾರದ ಏನ್ಮಾಡತೈತ್ರಿ? ಇನ್ನೊಮ್ಮಿ ತೊಳಸ್ರಿ. ಈ ಕೆಲಸ ಹೋದ್ರ ಮಗ್ಗ ಬಿಚ್ಚಿಟ್ಟು ನಾವೆಲ್ಲ ಕೂಲಿಗಿ ಹೋಗಬೇಕ್ರಿ."

ಮಾತು ನಿಜವಿರಬಹುದು ಎಂದು ಅವನಿಗೆ ಅನ್ನಿಸಿತು. ಮತ್ತೊಮ್ಮೆ ತೊಳೆಸುವುದೇನು ದೊಡ್ಡ ಕೆಲಸ? ಆದರೆ ಚಳಿ ಶುರುವಾಗಿತ್ತು, ಮಕ್ಕಳು ನಡುಗುತ್ತಿದ್ದರು. ಬೆಳಿಗ್ಗೆಯೇ ಖರೀದಿಗೆ ಆದೇಶ ಕೊಟ್ಟುಬಿಟ್ಟಿದ್ದ. ಒಳ್ಳೆಯ ಕಾರಣವೇ. ನಮ್ಮ ಕಾರಣಗಳು ಯಾವಾಗಲೂ ಒಳ್ಳೆಯವೇ, ಅಲ್ಲವೇ?

ಅಷ್ಟರಲ್ಲಿ ಕಿಟಕಿಯಾಚೆ ಲಾರಿಯ ಹಿಂಬದಿ ಹಲಗೆ ದಢಾರನೆ ಬಿತ್ತು. ಹಮಾಲರ ಕೂಗು ಕೇಳಿಸಿತು. ಮಾಳವ್ವ ಕಿಟಕಿಯತ್ತ ತಿರುಗಿದಳು.

"ಏನ್ರಿ ಸಾಹೇಬ್ರ ಅದು, ಇಳಸಾಕತ್ತಿದ್ದು?"

"ಕಂಬಳಿ ಬಂದಾವ. ಅದರ ಪಾಡಿಗೆ ಅದು. ನೀವು ಹೇಳ್ರಿ."

ಅವನು ಎದ್ದು ಕಿಟಕಿಯ ಹತ್ತಿರ ಹೋದ. ಒಂದು ಕೂಗು ಸಾಕಿತ್ತು, ಹಮಾಲರು ನಿಲ್ಲುತ್ತಿದ್ದರು. ಅದು ಅವನಿಗೂ ಗೊತ್ತಿತ್ತು. ಅವನೇನು ಮಾಡಿದ? ಕಿಟಕಿ ಮುಚ್ಚಿದ. ಬಂದು ಕೂತು, ಬಹಳ ಪ್ರೀತಿಯಿಂದ ಹೇಳಿದ: "ಈಗ ಹೇಳ್ರಿ ಅವ್ವಾ, ಚಲೋ ಕೇಳಸ್ತೈತಿ."

"ಇನ್ನೇನ್ ಹೇಳ್ಲಿರಿ?" ಎಂದು ಮಾಳವ್ವ ಎದ್ದು ಹೋದಳು. ಇಷ್ಟು ಮರ್ಯಾದೆ ಕೊಟ್ಟರೂ ಈಕೆ ಸಿಟ್ಟಾದಳಲ್ಲ ಎಂದು ಅವನಿಗೆ ನಿಜವಾಗಿಯೂ ನೋವಾಯಿತು.

ಅವನು ಕೆಟ್ಟವನೇ? ನಾವು ಕೆಟ್ಟವರೇ? ಮದುವೆಯ ಛತ್ರಕ್ಕೆ ಮುಂಗಡ ಕೊಟ್ಟು ಬಂದು, "ಈ ಹುಡುಗ ನಿನಗೆ ಒಪ್ಪಿಗೆಯೇನಮ್ಮಾ?" ಎಂದು ಮಗಳ ತಲೆ ಸವರುತ್ತೇವೆ. ಅವಳು ಅತ್ತರೆ ಪಕ್ಕದ ಮನೆಗೆ ಕೇಳಿಸದ ಹಾಗೆ ಬಾಗಿಲು ಹಾಕುತ್ತೇವೆ. ಆಮೇಲೆ, ಕೇಳಿಯೇ ಮಾಡಿದೆವು ಎನ್ನುತ್ತೇವೆ.

ಇನ್ನು ಮೇಲೆ ಮನೆಯಲ್ಲಿ ಯಾರಾದರೂ "ಇದು ಸರಿಯಿಲ್ಲ" ಎಂದರೆ, ಮೊದಲು ಆ ಕೆಲಸ ನಿಲ್ಲಿಸಿ. ಕಿವಿ ಆಮೇಲೆ ಕೊಡಿ. ಮಗಳನ್ನು ಕೇಳುವವರೆಗೆ ಛತ್ರದವನ ಹತ್ತಿರ ಹೋಗಬೇಡಿ. ಬೇಡ ಎಂದರೆ ಬಿಡಲು ಸಿದ್ಧರಾಗಿ ಕೇಳಿ. ಸಿದ್ಧರಿಲ್ಲವೇ? ಹಾಗಾದರೆ ಕೇಳಿದೆ ಎಂದು ಮಾತ್ರ ಹೇಳಿಕೊಳ್ಳಬೇಡಿ.